ಮೈಕಣ್ಣನ ಹೆಬ್ಬೆರಳು

ಆ ಊರಿನಲ್ಲಿ ಯಾವ ಸಭೆ ನಡೆದರೂ ಎಲ್ಲಕ್ಕಿಂತ ಮೊದಲು ಕೇಳುವ ಧ್ವನಿ ಒಂದೇ. "ಹಲೋ... ಚೆಕ್... ಒಂದು, ಎರಡು, ಮೂರು." ಅಷ್ಟಾದ ಮೇಲೆ ಆ ಧ್ವನಿಗೆ ರಜೆ. ಮೂವತ್ತೊಂದು ವರ್ಷ ಸಾವಿರಾರು ಜನರ ಮಾತನ್ನು ಊರಿಗೆ ಕೇಳಿಸಿದ ಮನುಷ್ಯ ತನ್ನದು ಅಂತ ಮೈಕಿನಲ್ಲಿ ಆಡಿದ್ದು ಆ ಮೂರು ಅಂಕಿಗಳನ್ನು ಮಾತ್ರ. ನಾಲ್ಕು ಅಂತ ಯಾಕೆ ಹೇಳಲ್ಲ ಎಂದು ಯಾರೋ ತಮಾಷೆಗೆ ಕೇಳಿದ್ದಕ್ಕೆ, "ಅಷ್ಟು ಹೊತ್ತು ಮಾತಾಡೋಕೆ ನನ್ನ ಹತ್ರ ವಿಷಯ ಇಲ್ಲ" ಅಂದಿದ್ದ.

ಊರಿಗೆಲ್ಲ ಅವನು ಮೈಕಣ್ಣ. ಅವನಿಗಿಂತ ದೊಡ್ಡವರಿಗೂ ಮೈಕಣ್ಣನೇ. ಅರವತ್ತು ದಾಟಿದ ಸಣಕಲು ದೇಹ, ಅಂಗಿಯ ಜೇಬಿನಲ್ಲಿ ಟೆಸ್ಟರು, ಎಡಗೈಗೆ ಬಳೆಯ ಹಾಗೆ ಸಿಕ್ಕಿಸಿಕೊಂಡ ಕಪ್ಪು ಟೇಪಿನ ಸುರುಳಿ. ವೈರು ಸುತ್ತುವುದೆಂದರೆ ಅವನಿಗೆ ಪೂಜೆಯಿದ್ದ ಹಾಗೆ. ಅಂಗೈಗೂ ಮೊಣಕೈಗೂ ನಡುವೆ ಒಂದೇ ಅಳತೆಯಲ್ಲಿ ಸುತ್ತು ಬೀಳಬೇಕು. ಬೇರೆ ಯಾರಾದರೂ ಉಪಕಾರ ಮಾಡುತ್ತೇನೆಂದು ಸುತ್ತಿಕೊಟ್ಟರೆ ಥ್ಯಾಂಕ್ಸ್ ಹೇಳಿ ಮನೆಗೆ ತಂದು, ಪೂರ್ತಿ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

ಇಷ್ಟೆಲ್ಲ ಶಿಸ್ತಿದ್ದರೂ ಅವನ ಮೈಕ್ ಸೆಟ್ಟಿಗೆ ಮಾತ್ರ ಒಳ್ಳೆಯ ಹೆಸರಿರಲಿಲ್ಲ. ಆರಂಭದಲ್ಲಿ ಗಂಟೆ ಬಾರಿಸಿದ ಹಾಗೆ ಕೇಳುತ್ತದೆ, ಭಾಷಣ ರಂಗೇರಿತು ಅನ್ನುವಾಗ ಇದ್ದಕ್ಕಿದ್ದಂತೆ ಸೊರಗಿಬಿಡುತ್ತದೆ, ಐದು ನಿಮಿಷದ ಮೇಲೆ ಮತ್ತೆ ತಾನೇ ಚೇತರಿಸಿಕೊಳ್ಳುತ್ತದೆ. "ಮೈಕಣ್ಣನ ಸೆಟ್ಟಿಗೆ ಮಧ್ಯಾಹ್ನದ ನಿದ್ದೆ" ಅಂತ ಊರು ನಗುತ್ತಿತ್ತು. ಅವನೂ ತಲೆ ಕೆರೆದುಕೊಂಡು, "ಹಳೇ ಸೆಟ್ಟು ಸಾರ್, ಏನ್ ಮಾಡೋದು" ಅನ್ನುತ್ತಿದ್ದ.

ಸೆಟ್ಟಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅದು ಗೊತ್ತಿದ್ದದ್ದು ಅವನ ಬಲಗೈಯ ಹೆಬ್ಬೆರಳಿಗೆ ಮಾತ್ರ.

ಅದು ಹೇಗೆ ಶುರುವಾಯಿತು ಅಂತ ಹೇಳಬೇಕಾದರೆ ಕೂಟದ ವಿಷಯ ಹೇಳಬೇಕು. ಗ್ರಂಥಾಲಯದ ಮಹಡಿಯ ಮೇಲೆ ಒಂದು ದೊಡ್ಡ ಹಾಲ್. ಇನ್ನೂರು ಕುರ್ಚಿ, ಎಂಟು ಫ್ಯಾನು; ಆ ಎಂಟೂ ಒಟ್ಟಿಗೆ ತಿರುಗಿದರೆ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ. ಪ್ರತಿ ತಿಂಗಳ ಮೊದಲ ಶನಿವಾರ ಸಂಜೆ ನಾಲ್ಕಕ್ಕೆ ಅಲ್ಲಿ ಕೂಟ. ಒಂದು ತಿಂಗಳು ಬುದ್ಧನ ವಿಚಾರ, ಇನ್ನೊಂದು ತಿಂಗಳು ಎಲ್ಲ ಧರ್ಮದ ಹಿರಿಯರೂ ಒಂದೇ ಮೇಜಿನ ಸುತ್ತ ಕೂತು ಸಂವಾದ, ವರ್ಷಕ್ಕೊಮ್ಮೆ ಮಾನವ ಹಕ್ಕುಗಳ ದಿನ. ಅದನ್ನೆಲ್ಲ ನಡೆಸುತ್ತಿದ್ದವರು ಕಾರ್ಯದರ್ಶಿ ಮೇಡಂ. ಮೂವತ್ತೈದು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಈಗಲೂ ಸಭೆಯನ್ನು ಒಮ್ಮೆ ನೋಡಿದರೆ ಸಾಕು, ಯಾರು ಗೈರುಹಾಜರು ಅಂತ ಹೇಳಿಬಿಡುತ್ತಿದ್ದರು.

ಕೂಟದ ಇನ್ನೊಂದು ಆಧಾರ ಭಂತೇಜಿ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ವಾಸವಾಗಿದ್ದ ಬೌದ್ಧ ಭಿಕ್ಷು. ಅವರ ಧ್ವನಿ ಎಷ್ಟು ಸಣ್ಣದೆಂದರೆ, ಅವರು ಮಾತಿಗೆ ನಿಂತಾಗ ಮೈಕಣ್ಣ ಸೆಟ್ಟಿನಲ್ಲಿರುವ ಗುಂಡಿಯನ್ನೆಲ್ಲ ಮೇಲಕ್ಕೆ ಏರಿಸಿ, ಎರಡು ಫ್ಯಾನು ಆರಿಸಿ, ಕೆಮ್ಮುವವರನ್ನು ಕಣ್ಣಲ್ಲೇ ಗದರಿಸಬೇಕಾಗಿತ್ತು. ಭಂತೇಜಿ ಒಮ್ಮೆ ಮಾತಿನ ವಿಚಾರವಾಗಿಯೇ ಮಾತಾಡಿದರು. ಬಾಯಿಗೆ ಬಂದದ್ದನ್ನು ಆಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ ಅಂದರು. ಇದು ನಿಜವಾ? ಇದರಿಂದ ಯಾರಿಗಾದರೂ ಹಿತವಾ? ಇದನ್ನು ಆಡೋ ಹೊತ್ತು ಇದೇನಾ? ಮೆತ್ತಗೆ ಆಡ್ತಿದೀನಾ?

ಮೈಕಣ್ಣನಿಗೆ ಅದು ತುಂಬ ಹಿಡಿಸಿತು. ಅಲ್ಲಿಯೇ ಬಿಳಿ ಟೇಪಿನ ಒಂದು ಪಟ್ಟಿ ಹರಿದು, ಸ್ಕೆಚ್ ಪೆನ್ನಿನಲ್ಲಿ ನಿಜ, ಹಿತ, ಹೊತ್ತು, ಮೆತ್ತಗೆ ಅಂತ ಬರೆದು, ಧ್ವನಿ ಏರಿಳಿಸುವ ಮಿಕ್ಸರಿನ ಗುಂಡಿಗಳ ಕೆಳಗೆ ಅಂಟಿಸಿದ. ಒಳ್ಳೆಯ ಮಾತು ಕಣ್ಣೆದುರಿಗಿರಲಿ ಅಂತ ಅಷ್ಟೇ, ಬೇರೆ ಉದ್ದೇಶವಿರಲಿಲ್ಲ.

ಮುಂದಿನ ತಿಂಗಳು ಸಂವಾದದಲ್ಲಿ ಒಬ್ಬ ಹಿರಿಯರು ಇನ್ನೊಬ್ಬ ಹಿರಿಯರ ಕಡೆ ಬೆರಳು ತೋರಿಸಿ "ನಿಮ್ಮವರು..." ಅಂತ ಶುರು ಮಾಡಿದರು. "ನಿಮ್ಮವರು" ಅಂದರೆ ಮುಂದೆ ಏನು ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಹಾಲ್‌ನಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಧ್ವನಿ ಎಷ್ಟು ಜೋರು ಅಂತ ತೋರಿಸುವ ಮಿಕ್ಸರಿನ ಮುಳ್ಳು ಕೆಂಪು ಗೆರೆ ಮುಟ್ಟಿತು. ಮೈಕಣ್ಣನ ಹೆಬ್ಬೆರಳು ತಾನಾಗಿಯೇ ಆ ಮೈಕಿನ ಗುಂಡಿಯನ್ನು ಮೆಲ್ಲಗೆ ಕೆಳಕ್ಕೆ ಎಳೆಯಿತು. ಹಾಲ್‌ನ ದೊಡ್ಡ ಬಾಕ್ಸುಗಳಲ್ಲಿ ಧ್ವನಿ ಸೊರಗಿತು. ಆದರೆ ಭಾಷಣ ಮಾಡುವವರ ಕಾಲ ಬುಡದಲ್ಲಿ, ಅವರಿಗೆ ಅವರ ಧ್ವನಿ ಕೇಳಿಸಲಿ ಅಂತ ಇಟ್ಟ ಪುಟ್ಟ ಬಾಕ್ಸೊಂದಿರುತ್ತದಲ್ಲ, ಅದಕ್ಕೆ ಬೇರೆ ಗುಂಡಿ. ಅದನ್ನು ಅವನು ಮುಟ್ಟಲಿಲ್ಲ. ಹಾಗಾಗಿ ಹಿರಿಯರು ಇಡೀ ಸಭೆಗೆ ಕೇಳಿಸುತ್ತಿದೆ ಅಂತಲೇ ತಿಳಿದು ಮನಸ್ಸು ಪೂರ್ತಿ ಖಾಲಿ ಮಾಡಿದರು. ಸಭೆಗೆ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಟೀ ಕುಡಿದು, ಭುಜ ತಟ್ಟಿಕೊಂಡು ಮನೆಗೆ ಹೋದರು.

ಅವತ್ತು ಮೈಕಣ್ಣ ವೈರು ಸುತ್ತುವಾಗ ಯಾವುದೋ ಹಾಡು ಗುನುಗುತ್ತಿದ್ದನಂತೆ. ಪಾಪ, ಖುಷಿಯಾಗದೆ ಇರುತ್ತದೆಯೇ? ಒಂದು ಜಗಳವನ್ನು ಒಂದೇ ಬೆರಳಿನಲ್ಲಿ ನಿಲ್ಲಿಸಿದ್ದ. ಅಂದಿನಿಂದ ಅದು ಅಭ್ಯಾಸವಾಯಿತು. ಯಾರ ಧ್ವನಿ ಏರಿದರೂ, ಮುಳ್ಳು ಕೆಂಪಿಗೆ ತಾಕಿದರೂ ಹೆಬ್ಬೆರಳು ಕೆಳಗಿಳಿಯುತ್ತಿತ್ತು. ಮಾತನ್ನು ಕಿವಿಗೊಟ್ಟು ಕೇಳುವುದಕ್ಕಿಂತ ಮುಳ್ಳನ್ನು ನೋಡುವುದೇ ಅವನಿಗೆ ಸುಲಭ. ಬೈಗುಳ ಬಂದರೆ ಸೆಟ್ಟಿಗೆ ಬರಲಿ, ಊರು ತಣ್ಣಗಿರಲಿ ಅಂದುಕೊಂಡ. ತನ್ನ ಪಾಲಿನ ಪುಣ್ಯದ ಕೆಲಸ ಇದು ಅಂತ ಒಳಗೊಳಗೇ ಹೆಮ್ಮೆಪಟ್ಟ. ಹೆಂಡತಿಗೂ ಹೇಳಲಿಲ್ಲ.

ಆ ಹೆಂಡತಿಯ ಬಗ್ಗೆ ಒಂದು ಮಾತು. ಆಕೆ ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಂದೂರಿಗೆ ಲೈನ್ ಕೊಟ್ಟವಳು. ಆಕೆಯ ಕಿವಿಯಿಂದ ಏನೂ ತಪ್ಪಿಸಿಕೊಳ್ಳುವಂತಿಲ್ಲ. ಗಂಡ ಗೇಟು ತೆಗೆಯುವ ಸದ್ದಿನಲ್ಲೇ ಅವನಿಗೆ ಹಸಿವಾಗಿದೆಯೋ ಸಿಟ್ಟು ಬಂದಿದೆಯೋ ಅಂತ ಹೇಳುತ್ತಿದ್ದಳು. "ಈ ಸೆಟ್ಟು ಸಭೇಲಿ ಮಾತ್ರ ಯಾಕೆ ಕೆಡುತ್ತೆ? ಮನೇಲಿ ಒಂದು ದಿನಾನೂ ಕೆಟ್ಟಿದ್ದು ನಾನು ಕೇಳಿಲ್ಲ" ಅಂತ ಆಗಾಗ ಕೇಳುತ್ತಿದ್ದಳು. ಅವನು ಟೇಪಿನ ಸುರುಳಿ ಹುಡುಕುವ ನೆಪದಲ್ಲಿ ಹಿತ್ತಲಿನ ಶೆಡ್ಡಿಗೆ ಹೋಗಿಬಿಡುತ್ತಿದ್ದ.

ವರ್ಷಗಳು ಹೀಗೇ ಹೋದವು. ಕೂಟದವರ ತಾಳ್ಮೆಯೂ ಮುಗಿಯುತ್ತ ಬಂತು. ಹೊಸ ಸೆಟ್ಟಿನವರನ್ನು ಗೊತ್ತುಮಾಡೋಣ ಅಂತ ಸಮಿತಿಯಲ್ಲಿ ಮಾತು ಬಂದಾಗ, ಯಾರೂ ನಿರೀಕ್ಷಿಸದ ಒಬ್ಬರು ಅವನ ಪರ ನಿಂತರು. ಲಾಂಡ್ರಿಯ ಯಜಮಾನರು. ಆಸ್ಪತ್ರೆ, ಹೋಟೆಲುಗಳ ಬಟ್ಟೆಯೆಲ್ಲ ಒಗೆಯುವ ದೊಡ್ಡ ಲಾಂಡ್ರಿ ಅವರದು. ಕೂಟದ ಮೇಜಿಗೆ ಹಾಸುವ ಬಿಳಿ ಬಟ್ಟೆ ಅವರ ಕೊಡುಗೆ. ಮುಂದಿನ ಸಾಲಿನ ಮಧ್ಯದ ಕುರ್ಚಿ ಅವರದ್ದು. ಒಳ್ಳೆ ಮಾತಿನ, ನಯದ ಮನುಷ್ಯ. "ನಮ್ಮ ಮೈಕಣ್ಣನೇ ಇರಲಿ. ಇಂಥ ತಿಳಿವಳಿಕಸ್ಥ ಸಿಗೋದು ಕಷ್ಟ" ಅಂದರು. ಎರಡು ವರ್ಷದಿಂದ ಹಾಗೇ ಅನ್ನುತ್ತ ಬಂದಿದ್ದರು. ಹಾದಿಯಲ್ಲಿ ಸಿಕ್ಕರೆ ಕಾರು ನಿಲ್ಲಿಸಿ ಮಾತಾಡಿಸುತ್ತಿದ್ದರು. ತನ್ನ ಸೆಟ್ಟಿನಲ್ಲಿ ಇವರೊಬ್ಬರಿಗೆ ಯಾಕೆ ಇಷ್ಟು ವಿಶ್ವಾಸ ಅಂತ ಮೈಕಣ್ಣನಿಗೆ ಆಶ್ಚರ್ಯವಾಗುತ್ತಿತ್ತು. ದೊಡ್ಡವರ ದೊಡ್ಡತನ ಅಂದುಕೊಂಡು ಸುಮ್ಮನಾಗಿದ್ದ.

ಆ ವರ್ಷ ಮಾನವ ಹಕ್ಕುಗಳ ದಿನಕ್ಕೆ ಹತ್ತು ದಿನ ಮುಂಚೆ ಮೇಜಿನ ಬಟ್ಟೆ ತರಲು ಅವನೇ ಲಾಂಡ್ರಿಗೆ ಹೋದ. ಹಿಂದಿನ ಬಾಗಿಲಿನಿಂದ ಒಳಗೆ ಹೋದರೆ ಉದ್ದನೆಯ ಕೋಣೆ, ಹಬೆ, ಸೋಪಿನ ವಾಸನೆ. ಹನ್ನೊಂದು ಮಂದಿ ಹೆಂಗಸರು ಸಾಲಾಗಿ ನಿಂತು ಇಸ್ತ್ರಿ ಮಾಡುತ್ತಿದ್ದರು. ಎಲ್ಲರೂ ಬೇರೆ ದೇಶದಿಂದ ಕೆಲಸಕ್ಕೆ ಬಂದವರು. ಅವರಲ್ಲಿ ಹಿರಿಯಳನ್ನು ಉಳಿದವರು ಅಕ್ಕ ಅನ್ನುತ್ತಿದ್ದರು, ನಾವೂ ಇಸ್ತ್ರಿ ಅಕ್ಕ ಅನ್ನೋಣ. ನಲವತ್ತರ ಹತ್ತಿರದ ಹೆಂಗಸು. ಬಟ್ಟೆಯ ಗಂಟನ್ನು ಎತ್ತಿಕೊಟ್ಟದ್ದು ಅವಳೇ. ಮುಖ ನೋಡಿದಾಗ ಮೈಕಣ್ಣನಿಗೆ ನೆನಪಾಯಿತು.

"ಅಮ್ಮ, ಎರಡು ವರ್ಷದ ಹಿಂದೆ ಇದೇ ಕಾರ್ಯಕ್ರಮದಲ್ಲಿ ನೀವು ಮಾತಾಡಿದ್ರಲ್ವಾ? ಈ ಸಲ ಬರಲ್ವಾ?"

"ಇಲ್ಲ ಸಾರ್."

"ಯಾಕಮ್ಮ? ಅವತ್ತು ಚೆನ್ನಾಗೇ ಮಾತಾಡಿದ್ರಿ." ಏನು ಮಾತಾಡಿದ್ದಳು ಅಂತ ಅವನಿಗೆ ಒಂದಕ್ಷರವೂ ನೆನಪಿರಲಿಲ್ಲ. ಉಪಚಾರಕ್ಕೆ ಅಂದ.

ಅವಳು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನೀವೂ ಅಲ್ಲೇ ಇದ್ರಿ ಸಾರ್. ಇನ್ನೂರು ಜನ ಇದ್ರಿ. ಎಲ್ಲಾರೂ ಕೇಳಿದ್ರಿ, ಚಪ್ಪಾಳೆ ತಟ್ಟಿದ್ರಿ, ಮನೆಗೆ ಹೋದ್ರಿ. ಒಬ್ಬರಾದ್ರೂ ಬಂದು ಏನಾಯ್ತಮ್ಮ ಅಂತ ಕೇಳಿದ್ರಾ? ನನಗೇನೂ ಬೇಜಾರಿಲ್ಲ. ಈ ಊರು ಹೀಗೇ ಅಂತ ಗೊತ್ತಾಯ್ತು, ಅಷ್ಟೇ. ತಗೊಳ್ಳಿ, ಬಟ್ಟೆ ಇನ್ನೂ ಬಿಸಿ ಇದೆ, ಜೋಪಾನ."

ಮೈಕಣ್ಣ ಬಿಸಿ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಹೊರಗೆ ಬಂದ. ಇನ್ನೂರು ಜನ ಕೇಳಿದ್ರಿ ಅಂದಳು. ಕೇಳಿದರಾ? ಅವನ ಹೆಬ್ಬೆರಳು ಏನೋ ನೆನಪು ಮಾಡಿಕೊಂಡ ಹಾಗೆ ಬೆವರಿತು.

ಪ್ರತಿ ಸಭೆಯನ್ನೂ ರೆಕಾರ್ಡ್ ಮಾಡಿಡುವುದು ಅವನ ಪದ್ಧತಿ. ರೆಕಾರ್ಡಿಗೆ ಹೋಗುವ ವೈರು ಗುಂಡಿಗಿಂತ ಮೊದಲೇ ಕವಲೊಡೆಯುತ್ತದೆ. ಸಭೆಗೆ ಕೇಳಿಸದಿದ್ದರೂ ರೆಕಾರ್ಡಿನಲ್ಲಿ ಎಲ್ಲವೂ ಇರುತ್ತದೆ. ಬಿಸ್ಕತ್ತಿನ ಡಬ್ಬಗಳಲ್ಲಿ ತಾರೀಕು ಬರೆದು ಜೋಡಿಸಿಟ್ಟದ್ದರಲ್ಲಿ ಆ ದಿನದ್ದನ್ನು ಹುಡುಕಿ ತೆಗೆದು ಊಟದ ಮೇಜಿನ ಮೇಲಿದ್ದ ಪ್ಲೇಯರಿಗೆ ಹಾಕಿದ. ಬಟಾಣಿ ಸುಲಿಯುತ್ತಿದ್ದ ಹೆಂಡತಿ ಎದುರಿಗೇ ಕೂತಿದ್ದಳು.

ಮೊದಲು ಕೆಮ್ಮು. ಆಮೇಲೆ ಮೆಲ್ಲನೆಯ ಧ್ವನಿ. "ನನಗೆ ನಿಮ್ಮ ಭಾಷೆ ಸರಿಯಾಗಿ ಬರಲ್ಲ. ತಪ್ಪಾದ್ರೆ ಕ್ಷಮಿಸಿ. ಈ ಮೇಜಿನ ಮೇಲಿರೋ ಬಟ್ಟೆ ನಾನೇ ಇಸ್ತ್ರಿ ಮಾಡಿದ್ದು." ಸಭೆ ನಕ್ಕ ಸದ್ದು. ತನ್ನ ಊರು, ಅಲ್ಲಿನ ನದಿ, ತಾಯಿ, ಇಲ್ಲಿಗೆ ಬಂದ ದಾರಿ, ಹೀಗೆ ಮೂರು ನಿಮಿಷ. ಆಮೇಲೆ ಧ್ವನಿ ಏರಿತು.

"ನಾವು ಹನ್ನೊಂದು ಜನ. ನಮ್ಮ ಹನ್ನೊಂದು ಪಾಸ್‌ಪೋರ್ಟು ಆಫೀಸಿನ ಒಂದು ಡ್ರಾಯರಿನಲ್ಲಿದೆ. ಬೀಗ ಹಾಕಿದೆ. ನನ್ನ ತಾಯಿ ಸತ್ತಾಗ ಕೇಳಿದೆ. ಈಗ ಕೆಲಸ ಜಾಸ್ತಿ, ಆಮೇಲೆ ಹೋಗು ಅಂದ್ರು. ಆಮೇಲೆ ನನ್ನ ತಾಯಿ ಇನ್ನೊಂದು ಸಲ ಸಾಯ್ತಾಳಾ? ನೀವೆಲ್ಲಾ ಓದಿದೋರು, ದೇವರ ಮೇಲೆ ಭಕ್ತಿ ಇರೋರು. ಜಾಸ್ತಿ ಏನೂ ಬೇಡ. ಯಾರಾದ್ರೂ ಒಬ್ಬರು ನನ್ನ ಜೊತೆ ಬನ್ನಿ. ಆ ಡ್ರಾಯರು ತೆಗಿ ಅಂತ ಹೇಳಿ. ಒಬ್ಬರು ಸಾಕು."

ಆಮೇಲೆ ಚಪ್ಪಾಳೆ. ಡ್ರಾಯರಿನ ಮಾತು ಒಂದೂ ಕೇಳಿಸದ ಇನ್ನೂರು ಜನ, ಮಾತು ಮುಗಿಯಿತೆಂದು ಮರ್ಯಾದೆಗೆ ತಟ್ಟಿದ ಚಪ್ಪಾಳೆ.

ಮೈಕಣ್ಣ ತಲೆ ಎತ್ತಲಿಲ್ಲ. ಹೆಂಡತಿ ಬಟಾಣಿಯ ತಟ್ಟೆಯನ್ನು ಪಕ್ಕಕ್ಕಿಟ್ಟಳು.

"ಅವತ್ತು ನಾನೂ ಬಂದಿದ್ದೆ. ಏಳನೇ ಸಾಲಲ್ಲಿ ಕೂತಿದ್ದೆ. ಈ ಪಾಸ್‌ಪೋರ್ಟಿನ ಮಾತೊಂದೂ ನನಗೆ ಕೇಳಿಸಿಲ್ಲ. ನನ್ನ ಕಿವಿಗೇ ಕೇಳಿಸಿಲ್ಲ ಅಂದ್ರೆ?"

ಅವನು ಎಲ್ಲವನ್ನೂ ಹೇಳಿದ. ಭಂತೇಜಿಯ ನಾಲ್ಕು ಪ್ರಶ್ನೆ, ಟೇಪಿನ ಪಟ್ಟಿ, ಮುಳ್ಳು, ಹೆಬ್ಬೆರಳು. ಹೇಳುತ್ತ ಹೇಳುತ್ತ ಇನ್ನೊಂದು ವಿಷಯ ಅವನಿಗೇ ಹೊಳೆಯಿತು. ಅವತ್ತು ಉದ್ಘಾಟನೆ ಮುಗಿಸಿ ಅತಿಥಿಗಳೆಲ್ಲ ಹೊರಟಿದ್ದರು, ಮೇಡಂ ಅವರನ್ನು ಬೀಳ್ಕೊಡಲು ಕೆಳಗೆ ಹೋಗಿದ್ದರು. ಮುಂದಿನ ಸಾಲಿನಲ್ಲಿ, ಅವಳ ಬರೀ ಬಾಯಿಯ ಮಾತು ಕೇಳುವಷ್ಟು ಹತ್ತಿರದಲ್ಲಿ ಉಳಿದಿದ್ದವರು ಒಬ್ಬರೇ. ಲಾಂಡ್ರಿಯ ಯಜಮಾನರು. ಅವರಿಗೆ ಎಲ್ಲ ಕೇಳಿಸಿತ್ತು. ಹಿಂದಿನವರಿಗೆ ಕೇಳಿಸಿಲ್ಲ ಅನ್ನುವುದೂ ಗೊತ್ತಾಗಿತ್ತು. ಮೈಕಣ್ಣ ತಮಗಾಗಿಯೇ ಹಾಗೆ ಮಾಡಿದ ಅಂದುಕೊಂಡಿದ್ದರು. ತಿಳಿವಳಿಕಸ್ಥ ಅನ್ನುವ ಬಿರುದು ಬಂದದ್ದು ಅದಕ್ಕೆ.

"ಜಗಳ ಆಗಬಾರದು ಅಂತ ಮಾಡಿದ್ದು ಕಣೇ" ಅಂದ.

"ಇದರಲ್ಲಿ ಜಗಳ ಎಲ್ಲಿತ್ತು?" ಅಂದಳು ಅವಳು. "ನಿಜ ಇತ್ತು, ಹಿತ ಇತ್ತು, ಹೊತ್ತೂ ಅದೇ. ಮೆತ್ತಗಿರಲಿಲ್ಲ, ಅಷ್ಟೇ. ತಾಯಿ ಸತ್ತವಳು ಮೆತ್ತಗೆ ಮಾತಾಡ್ತಾಳಾ? ನಾನು ಅಷ್ಟು ವರ್ಷ ಲೈನ್ ಕೊಟ್ಟೆ. ಸಾವಿನ ಸುದ್ದಿ, ಗಂಡ ಹೆಂಡತಿ ಬೈದಾಟ, ಅಳು, ಎಲ್ಲಾ ನನ್ನ ಕೈ ಮೇಲೇ ಹೋಗಿದೆ. ಒಂದು ಸಲಾನೂ ನಡುವೆ ತಂತಿ ಕಿತ್ತಿಲ್ಲ. ಅದು ನಮ್ಮದಲ್ಲ, ಅವರದ್ದು."

ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ಟೀ ಮಾಡಿ ಮುಂದಿಟ್ಟಳು.

ಮರುದಿನ ಬೆಳಿಗ್ಗೆ ಅವನು ಸೈಕಲ್ ಅಂಗಡಿಯ ಮಹಡಿ ಹತ್ತಿದ. ಭಂತೇಜಿ ಕಿಟಕಿಯ ಬಳಿ ಕೂತು, ತಾವು ಮೈಗೆ ಹೊದೆಯುವ ಹರಿದ ಚೀವರಕ್ಕೆ ಹೊಲಿಗೆ ಹಾಕುತ್ತಿದ್ದರು. ಅವನು ಜೇಬಿನಿಂದ ಆ ಟೇಪಿನ ಪಟ್ಟಿ ತೆಗೆದು ಅವರ ಮುಂದಿಟ್ಟು ನಡೆದದ್ದನ್ನು ಹೇಳಿದ. ಭಂತೇಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಆ ಪಟ್ಟಿಯನ್ನು ಎತ್ತಿಕೊಂಡು ಓದಿದರು.

"ನಾನು ಈ ನಾಲ್ಕು ಪ್ರಶ್ನೆ ಹೇಳಿದ್ದು ಅವರವರ ನಾಲಿಗೆಗೆ ಮೈಕಣ್ಣ. ನೀವು ತಗೊಂಡು ಹೋಗಿ ಬೇರೆಯವರ ನಾಲಿಗೆಗೆ ಕಟ್ಟಿದ್ರಿ."

"ತಪ್ಪಾಯ್ತು ಭಂತೇಜಿ."

"ನಂದೂ ತಪ್ಪಿದೆ. ಅವತ್ತು ಕೊನೇ ಸಾಲಲ್ಲಿದ್ದೆ. ಆ ತಾಯಿ ಏನೋ ಕಷ್ಟ ಹೇಳ್ತಿದಾಳೆ ಅಂತ ಮುಖ ನೋಡಿದ್ರೇ ತಿಳೀತಿತ್ತು. ಕೇಳಿಸ್ತಿಲ್ಲ ಅಂತ ಎದ್ದು ನಿಂತು ಹೇಳಬಹುದಿತ್ತು. ಸಭೆಗೆ ಯಾಕೆ ತೊಂದರೆ ಅಂತ ಕಣ್ಣು ಮುಚ್ಚಿ ಕೂತೆ. ಜನ ಅದನ್ನ ಧ್ಯಾನ ಅಂದ್ಕೊಂಡ್ರು." ಅವರ ಮುಖದಲ್ಲಿ ನಗುವೂ ಇತ್ತು, ನಾಚಿಕೆಯೂ ಇತ್ತು.

"ಈಗ ಯಾರಿಗೆ ಹೇಳಲಿ? ಸಮಿತಿಗಾ? ಮೇಡಂಗಾ?"

"ಯಾರ ಮಾತು ಕಿತ್ಕೊಂಡ್ರೋ ಮೊದಲು ಅವರಿಗೆ."

ಸಂಜೆ ಐದಕ್ಕೆ ಪಾಳಿ ಬಿಡುವ ಹೊತ್ತಿಗೆ ಲಾಂಡ್ರಿಯ ಹಿಂದಿನ ಗೇಟಿನ ಬಳಿ ಮೈಕಣ್ಣ ನಿಂತಿದ್ದ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಉರುಹೊಡೆದದ್ದು ಅವಳನ್ನು ಕಂಡ ಕೂಡಲೇ ಮರೆತುಹೋಯಿತು. "ಅಮ್ಮ, ಅವತ್ತು ನಿಮ್ಮ ಮಾತು ಯಾರಿಗೂ ಕೇಳಿಸಿಲ್ಲ. ನಾನೇ ತಗ್ಗಿಸಿಬಿಟ್ಟೆ" ಅಂದ.

ಅವಳಿಗೆ ಅರ್ಥವಾಗಲಿಲ್ಲ. ಅವನು ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದ: ಇದು ಮೈಕು, ಇದು ದೊಡ್ಡ ಬಾಕ್ಸು, ಇದು ನಿಮ್ಮ ಕಾಲ ಹತ್ತಿರ ಇದ್ದದ್ದು. ಇದರಲ್ಲಿ ನಿಮಗೆ ಕೇಳಿಸಿತು. ಅದರಲ್ಲಿ ಅವರಿಗೆ ಕೇಳಿಸಲಿಲ್ಲ.

"ಅಂದ್ರೆ ಅವರಿಗೆ ಕೇಳಿಸಿರಲಿಲ್ವಾ?"

"ಇಲ್ಲಮ್ಮ."

"ಕೆಳಗೆ ಗ್ರಂಥಾಲಯದಲ್ಲಿ ಪುಸ್ತಕ ಕೊಡ್ತಾರಲ್ಲ, ಕನ್ನಡಕದೋರು. ಅವರಿಗೂ?"

"ಅವರಿಗೂ ಇಲ್ಲ."

"ಬಸ್ಸಿನ ಕಂಡಕ್ಟರು ಬಂದಿದ್ರು. ಮೆಡಿಕಲ್ ಅಂಗಡಿಯೋರು ಬಂದಿದ್ರು." ಅವಳು ಒಬ್ಬೊಬ್ಬರನ್ನೇ ಕೇಳಿದಳು. ಅವನು ಒಬ್ಬೊಬ್ಬರಿಗೂ ಇಲ್ಲ ಅಂದ. ಅವಳು ಗೇಟಿಗೆ ಒರಗಿ ನಿಂತಳು. "ಎರಡು ವರ್ಷ ಆಯ್ತು, ನಾನು ಈ ಊರಲ್ಲಿ ಯಾರ ಮುಖಾನೂ ನೆಟ್ಟಗೆ ನೋಡಿಲ್ಲ ಸಾರ್. ಬಸ್ಸು ಹತ್ತಿದ್ರೆ, ಔಷಧಿಗೆ ಹೋದ್ರೆ, ಇವರಿಗೂ ಗೊತ್ತು, ಗೊತ್ತಿದ್ದೂ ಸುಮ್ಮನಿದಾರೆ ಅಂತ ಅನ್ನಿಸ್ತಿತ್ತು." ಆಮೇಲೆ ಅವಳು ಅತ್ತಳು. ಅದು ದುಃಖವೋ ಸಮಾಧಾನವೋ ಅವನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ.

ರೆಕಾರ್ಡು ಇದೆ, ಬೇಕಾದರೆ ಸಭೆಯಲ್ಲಿ ಹಾಕುತ್ತೇನೆ ಅಂದ ಅವನು. ಅವಳು ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

"ರೆಕಾರ್ಡು ಬೇಡ. ನಾನೇ ಮಾತಾಡ್ತೀನಿ. ಆದರೆ ಮೊದಲು ನೀವು ಮಾತಾಡ್ಬೇಕು. ನೀವು ನನಗೆ ಹೇಳಿದ್ದನ್ನ ಅವರಿಗೆ ಹೇಳ್ಬೇಕು. ಮೈಕಲ್ಲಿ."

ಅವನು ಆಗಲಿ ಅಂದ. ಕ್ಷಮಿಸಿ ಅಂತ ಕೇಳಬೇಕು ಅಂದುಕೊಂಡಿದ್ದ, ಕೇಳುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಕಾರ್ಯದರ್ಶಿ ಮೇಡಂ ಎಲ್ಲವನ್ನೂ ಕೇಳಿ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವನನ್ನು ನೋಡುವ ಹಾಗೆ ನೋಡಿದರು.

"ಎಷ್ಟು ಸಲ ಮಾಡಿದೀರಿ?"

"ಲೆಕ್ಕ ಇಟ್ಟಿಲ್ಲ ಮೇಡಂ."

"ನನ್ನದೂ ತಗ್ಗಿಸಿದೀರಾ?"

"ಎರಡೇ ಸಲ ಮೇಡಂ. ಗ್ರಂಥಾಲಯದ ಛಾವಣಿ ಬಗ್ಗೆ ಮಾತಾಡಿದಾಗ."

"ಅದಕ್ಕೇ ಅದು ಇವತ್ತಿಗೂ ಸೋರ್ತಾ ಇದೆ" ಅಂದರು. ಪೆನ್ನು ತೆಗೆದುಕೊಂಡು ಭಾಷಣಕಾರರ ಪಟ್ಟಿಯ ತುದಿಯಲ್ಲಿ ಎರಡು ಸಾಲು ಸೇರಿಸಿದರು. ಒಂದರಲ್ಲಿ ಮೈಕಣ್ಣ, ಇನ್ನೊಂದರಲ್ಲಿ ಇಸ್ತ್ರಿ ಅಕ್ಕ. ಯಜಮಾನರು ಮುಂದಿನ ಸಾಲಿನಲ್ಲಿ ಇರುತ್ತಾರೆ ಅಂತ ಅವನು ನೆನಪಿಸಿದ. "ಇರಲಿ. ಹೊಸದಾಗಿ ಕೇಳೋರು ನಾವು. ಅವರು ಎರಡನೇ ಸಲ ಕೇಳ್ತಾರೆ" ಅಂದರು.

ಆ ಶನಿವಾರ ಹಾಲ್ ತುಂಬಿತ್ತು. ಮೇಜಿನ ಮೇಲೆ ಅದೇ ಬಿಳಿ ಬಟ್ಟೆ. ಮುಂದಿನ ಸಾಲಿನ ಮಧ್ಯದಲ್ಲಿ ಯಜಮಾನರು, ಎಂದಿನ ನಗುಮುಖ. ಬೇರೆ ಬೇರೆ ದೇಶದ ಕಾನೂನು, ಒಪ್ಪಂದಗಳ ಬಗ್ಗೆ ಓದಿಕೊಂಡು ಬಂದವರು ಮಾತಾಡಿದರು. ಹೆಬ್ಬೆರಳು ಮಿಸುಕಲಿಲ್ಲ. ಆಮೇಲೆ ಮೇಡಂ ಮೈಕಣ್ಣನನ್ನು ಕರೆದಾಗ ಸೆಟ್ಟು ಕೆಟ್ಟಿರಬೇಕು ಅಂದುಕೊಂಡು ಜನ ನಕ್ಕರು. ಅವನು ಮಿಕ್ಸರಿನಲ್ಲಿ ಮೈಕಿನ ಗುಂಡಿಯನ್ನು ಮೇಲಕ್ಕೆ ಏರಿಸಿ, ಅದು ಸರಿಯದ ಹಾಗೆ ಅದರ ಮೇಲೆ ಕಪ್ಪು ಟೇಪು ಬಿಗಿದು, ಎಂಟು ಫ್ಯಾನುಗಳನ್ನೂ ಆರಿಸಿ ವೇದಿಕೆಗೆ ಹೋದ.

"ಹಲೋ. ಚೆಕ್. ಒಂದು, ಎರಡು, ಮೂರು." ನಿಂತ. "ನಾಲ್ಕು."

ನಗು ಕಡಿಮೆಯಾಯಿತು.

"ನನ್ನ ಸೆಟ್ಟು ಯಾವತ್ತೂ ಕೆಟ್ಟಿಲ್ಲ. ನಾನೇ ತಗ್ಗಿಸ್ತಿದ್ದೆ. ಯಾರು ಜೋರಾಗಿ ಮಾತಾಡಿದ್ರೂ ನಿಮಗೆ ಕೇಳಿಸದ ಹಾಗೆ ಮಾಡ್ತಿದ್ದೆ. ಒಳ್ಳೇದಕ್ಕೇ ಅಂದ್ಕೊಂಡಿದ್ದೆ. ಎರಡು ವರ್ಷದ ಹಿಂದೆ ಒಬ್ಬ ತಾಯಿ ಇಲ್ಲಿ ನಿಂತು ನಿಮ್ಮ ಹತ್ರ ಒಂದು ಸಹಾಯ ಕೇಳಿದ್ರು. ನಾನು ಅದನ್ನ ನಿಮಗೆ ತಲುಪಿಸಲಿಲ್ಲ. ನೀವು ಸುಮ್ಮನಿದ್ರಿ. ಅವರು ನಿಮ್ಮನ್ನ ತಪ್ಪು ತಿಳ್ಕೊಂಡ್ರು. ತಪ್ಪು ನಿಮ್ಮದಲ್ಲ. ಈಗ ಅವರು ಮಾತಾಡ್ತಾರೆ. ನಾನು ಸೆಟ್ಟಿನ ಹತ್ರ ಇರಲ್ಲ."

ಅಷ್ಟು ಹೇಳಿ ಇಳಿದು ಬಂದು ಏಳನೇ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತ. ಅಭ್ಯಾಸಬಲದಿಂದ ಬೆರಳು ಎಲ್ಲಿ ಎದ್ದು ಓಡುತ್ತದೋ ಅಂತ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಹೆಂಡತಿ ಅವನ ಕಡೆ ನೋಡದೆ ಸ್ವಲ್ಪ ಹತ್ತಿರಕ್ಕೆ ಸರಿದಳು.

ಇಸ್ತ್ರಿ ಅಕ್ಕ ವೇದಿಕೆಗೆ ಬಂದಳು. ಮೇಜಿನ ಬಟ್ಟೆಯ ಅಂಚನ್ನು ಒಮ್ಮೆ ಸವರಿ ಸರಿಮಾಡಿದಳು, ಕೈಯ ರೂಢಿ. ಮಾತು ಶುರು ಮಾಡಲಿಲ್ಲ. ಮೈಕಿನ ಹತ್ತಿರ ಬಾಯಿ ತಂದು ಮೊದಲು ಒಂದೇ ಒಂದು ಪ್ರಶ್ನೆ ಕೇಳಿದಳು.

"ಹಿಂದೆ ಕೂತಿರೋರಿಗೆ ಕೇಳಿಸ್ತಿದೆಯಾ?"

ಫ್ಯಾನಿಲ್ಲದ ಹಾಲ್‌ನಲ್ಲಿ ಒಬ್ಬರ ಉಸಿರು ಒಬ್ಬರಿಗೆ ಕೇಳುತ್ತಿತ್ತು. ಆಗ ಕೊನೆಯ ಸಾಲಿನಿಂದ, ಮೈಕಿಲ್ಲದೆ ಎರಡನೇ ಸಾಲಿಗೂ ಕೇಳಿಸದ ಭಂತೇಜಿ ಎದ್ದು ನಿಂತು, ಇದ್ದಷ್ಟೂ ದನಿಯನ್ನು ಒಟ್ಟುಮಾಡಿ ಹೇಳಿದರು.

"ಕೇಳಿಸ್ತಿದೆ ತಾಯಿ."

"ಕೇಳಿಸ್ತಿದೆ" ಅಂದರು ಬಸ್ಸಿನ ಕಂಡಕ್ಟರು. "ಕೇಳಿಸ್ತಿದೆ ಹೇಳಮ್ಮ" ಅಂದರು ಮೆಡಿಕಲ್ ಅಂಗಡಿಯವರು. ಒಂದೊಂದು ಸಾಲಿನಿಂದಲೂ ಆ ಮಾತೇ ಬಂತು. ಅವಳು ಹೇಳಿದಳು. ತಾಯಿಯ ವಿಷಯಕ್ಕೆ ಬಂದಾಗ ಧ್ವನಿ ಏರಿತು, ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ನಿಂತಿತು, ಬಾಕ್ಸುಗಳು ಒಂದೆರಡು ಸಲ ಕುಯ್ ಅಂದವು. ಯಜಮಾನರು ಎದ್ದು ಹೋಗಬೇಕೆಂದರೆ ಇಡೀ ಸಭೆಯನ್ನು ಹಾದು ಹೋಗಬೇಕಾಗಿತ್ತು. ಅವರು ಕೂತಲ್ಲೇ ಕೂತು ಮೇಜಿನ ಬಿಳಿ ಬಟ್ಟೆಯನ್ನೇ ನೋಡುತ್ತಿದ್ದರು. ಅವಳು ಕೊನೆಯಲ್ಲಿ ಅವತ್ತಿನ ಮಾತನ್ನೇ ಹೇಳಿದಳು. ಒಬ್ಬರು ಸಾಕು. ಈ ಸಲ ಚಪ್ಪಾಳೆ ಬರಲಿಲ್ಲ. ಮೇಡಂ ಎದ್ದು ನಿಂತರು. ಮೈಕಣ್ಣನ ಹೆಂಡತಿ ನಿಂತಳು. ಆಮೇಲೆ ಕುರ್ಚಿಗಳ ಸದ್ದೇ ಸದ್ದು.

ಸೋಮವಾರ ಬೆಳಿಗ್ಗೆ ಲಾಂಡ್ರಿಯ ಆಫೀಸಿನ ಮುಂದೆ ನಿಂತವರ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಮೇಡಂ ಒಬ್ಬ ವಕೀಲರನ್ನೂ ಕರೆತಂದಿದ್ದರು. ಡ್ರಾಯರು ತೆಗೆಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಹನ್ನೊಂದು ಪಾಸ್‌ಪೋರ್ಟುಗಳು ಹನ್ನೊಂದು ಕೈ ಸೇರಿದವು. "ಕಳೆದುಹೋಗಬಾರದು ಅಂತ ಇಟ್ಟಿದ್ದೆ" ಅಂದರು ಯಜಮಾನರು, ಅದೇ ನಯದ ಧ್ವನಿಯಲ್ಲಿ.

ಮೈಕಣ್ಣನಿಗೆ ಅದೆಲ್ಲ ಸುಲಭವಾಗಿ ಮುಗಿಯಲಿಲ್ಲ. ಇಡೀ ತಿಂಗಳು ಊರಿನ ಭಾಷಣಕಾರರೆಲ್ಲ ಮನೆಗೆ ಬಂದು, "ನಂದೂ ತಗ್ಗಿಸಿದ್ಯಾ?" ಅಂತ ಕೇಳಿದರು. ನಿಜ ಹೇಳಿದ. ಒಂದಿಬ್ಬರು ಇವತ್ತಿಗೂ ಅವನನ್ನು ಮಾತಾಡಿಸುವುದಿಲ್ಲ. ಕೂಟದಲ್ಲಿ ಆಮೇಲೆ ಎರಡು ಸಲ ಜೋರು ಜಗಳವೇ ಆಯಿತು, ಎಲ್ಲರಿಗೂ ಚೆನ್ನಾಗಿ ಕೇಳಿಸುವ ಹಾಗೆ. ಜಗಳವಾಡಿದವರು ಮುಂದಿನ ತಿಂಗಳೂ ಬಂದರು. ಅದನ್ನು ನೋಡಿ ಅವನಿಗೆ ಬಹಳ ಆಶ್ಚರ್ಯವಾಯಿತು.

ಇಸ್ತ್ರಿ ಅಕ್ಕ ತಾಯಿಯ ಸಮಾಧಿ ನೋಡಲು ಊರಿಗೆ ಹೋಗಿ ಬಂದಳು. ವಾಪಸು ಬರುವುದಿಲ್ಲ ಅಂತ ಮೈಕಣ್ಣ ಅಂದುಕೊಂಡಿದ್ದ. ಬಂದಳು. ಈಗ ಆಸ್ಪತ್ರೆಯಲ್ಲಿ ಕೆಲಸ. ಅವನನ್ನು ಕ್ಷಮಿಸಿದ್ದೇನೆ ಅಂತ ಅವಳು ಯಾವತ್ತೂ ಹೇಳಿಲ್ಲ, ಅವನೂ ಕೇಳಿಲ್ಲ. ಆದರೆ ಮೊದಲ ಶನಿವಾರ ತಪ್ಪದೆ ಕೂಟಕ್ಕೆ ಬಂದು ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂರುತ್ತಾಳೆ. ಭಂತೇಜಿಯ ಧ್ವನಿ ಸಣ್ಣಗಾದರೆ, ಹೊಸಬರು ಯಾರೋ ಹೆದರಿ ಮೈಕಿನಿಂದ ದೂರ ನಿಂತರೆ ಅಲ್ಲಿಂದಲೇ ಕೂಗುತ್ತಾಳೆ.

"ಮೈಕಣ್ಣಾ, ಕೇಳಿಸ್ತಿಲ್ಲ."

ಸಾರ್ ಹೋಗಿ ಮೈಕಣ್ಣ ಆದದ್ದು ಯಾವತ್ತಿನಿಂದ ಅಂತ ಅವನಿಗೆ ನೆನಪಿಲ್ಲ. ಅವನು ಗುಂಡಿಯನ್ನು ಮೇಲಕ್ಕೆ ಏರಿಸಿ, ಕತ್ತು ಎತ್ತಿ ಕೊನೆಯ ಸಾಲಿನ ಕಡೆ ನೋಡುತ್ತಾನೆ. ಅವಳು ಕೈಯೆತ್ತಿ ಸಾಕು ಅನ್ನುವವರೆಗೂ ಏರಿಸುತ್ತಲೇ ಇರುತ್ತಾನೆ.